ಸುಟ್ಟ ಹಡಗುಗಳ ಸಾಕ್ಷಿ

1852ರ ಕೊನೆಯಲ್ಲಿ ಅಮೆರಿಕದ ಕ್ಯಾಪ್ಟನ್ ನಥಾನಿಯಲ್ ಗಾರ್ಡನ್ ಮೊಜಾಂಬಿಕ್‌ನಿಂದ ಸುಮಾರು 500 ಮಂದಿ ಆಫ್ರಿಕನ್ನರನ್ನು ತುಂಬಿಕೊಂಡು ಬಂದು, ಬ್ರೆಜಿಲಿನ ಆಂಗ್ರಾ ದೊಸ್ ರೀಸ್ ಬಳಿಯ ಬ್ರಾಕುಯಿ ಎಂಬ ದಂಡೆಯಲ್ಲಿ ಇಳಿಸಿದ. ಜನರನ್ನು ಕಾಫಿ ತೋಟಗಳತ್ತ ಸಾಗಹಾಕಿದ ಮೇಲೆ ತನ್ನ ‘ಕಮಾರ್ಗೊ’ ಹಡಗಿಗೆ ತಾನೇ ಬೆಂಕಿ ಇಟ್ಟು ಮುಳುಗಿಸಿದ. ಎಂಟು ವರ್ಷಗಳ ನಂತರ, 1860ರ ಜುಲೈನಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಮೊಬೀಲ್ ಪಟ್ಟಣದ ಹತ್ತಿರ ಇದೇ ಕೆಲಸ ಮತ್ತೊಮ್ಮೆ ನಡೆಯಿತು. ಪಶ್ಚಿಮ ಆಫ್ರಿಕದ ವೀಡಾ ಬಂದರಿನಿಂದ ಸುಮಾರು 110 ಜನರನ್ನು ತಂದ ‘ಕ್ಲೊಟಿಲ್ಡಾ’ ರಾತ್ರಿಯ ಕತ್ತಲಲ್ಲಿ ನದಿಗುಂಟ ಮೇಲಕ್ಕೆ ಹೋಯಿತು. ಬಂಧಿತರನ್ನು ಜೊಂಡಿನ ಪೊದೆಗಳಲ್ಲಿ ಅಡಗಿಸಿ, ಕ್ಯಾಪ್ಟನ್ ವಿಲಿಯಂ ಫಾಸ್ಟರ್ ಆ ಹಡಗನ್ನು ಸುಟ್ಟು ಮುಳುಗಿಸಿದ. ಎರಡೂ ಒಳ್ಳೆಯ ಹಡಗುಗಳು, ಬೆಲೆಬಾಳುವಂಥವು. ಆದರೂ ಸುಟ್ಟರು. ನೂರಾರು ಜನರನ್ನು ವಾರಗಟ್ಟಲೆ ಒತ್ತಿಟ್ಟ ಒಡಲಿನ ನಾತ ಯಾವ ನೀರಿನಿಂದಲೂ ಹೋಗುವುದಲ್ಲ. ಒಳಗಿನ ಹಲಗೆಯ ಅಟ್ಟಗಳು, ಅಷ್ಟೊಂದು ನೀರಿನ ಪೀಪಾಯಿಗಳು ಯಾವ ಅಧಿಕಾರಿಯ ಕಣ್ಣಿಗೆ ಬಿದ್ದರೂ ಸಾಕ್ಷಿ ಹೇಳುತ್ತಿದ್ದವು. ಆ ಬೆಂಕಿ ಬಿದ್ದದ್ದು ಸಾಕ್ಷಿಯ ಮೇಲೆ.

ಅಟ್ಲಾಂಟಿಕ್ ಸಾಗರದ ಗುಲಾಮ ವ್ಯಾಪಾರವನ್ನು ಜಗತ್ತು ನೆನೆಯುವ ಬಗೆಯಲ್ಲಿ ಒಂದು ದೊಡ್ಡ ಕೊರತೆಯಿದೆ ಎಂಬ ನನ್ನ ಮಾತು ಈ ಬೆಂಕಿಯಿಂದಲೇ ಶುರುವಾಗುತ್ತದೆ. ವಿಶ್ವಸಂಸ್ಥೆ 2007ರಲ್ಲಿ ಮಾರ್ಚ್ 25ನ್ನು ಗುಲಾಮಗಿರಿಗೂ ಅಟ್ಲಾಂಟಿಕ್ ಗುಲಾಮ ವ್ಯಾಪಾರಕ್ಕೂ ಬಲಿಯಾದವರ ಸ್ಮರಣೆಯ ದಿನವೆಂದು ಗೊತ್ತುಮಾಡಿತು. ಆ ದಿನ ಯಾವುದು? 1807ರಲ್ಲಿ ಬ್ರಿಟನ್ನಿನ ನಿಷೇಧ ಮಸೂದೆಗೆ ರಾಜಮುದ್ರೆ ಬಿದ್ದ ದಿನ. ಮರುವರ್ಷ ಜನವರಿ 1ರಿಂದ ಅಮೆರಿಕದ ನಿಷೇಧವೂ ಜಾರಿಗೆ ಬಂತು. ಪಠ್ಯಪುಸ್ತಕಗಳಲ್ಲಿ ಕಥೆ ಬಹುಮಟ್ಟಿಗೆ ಇಲ್ಲಿಗೆ ಮುಗಿಯುತ್ತದೆ. ಸಾಗರದ ಲೆಕ್ಕ ಬೇರೆಯೇ ಇದೆ. ದಶಕಗಳ ಕಾಲ ಇತಿಹಾಸಕಾರರು 36 ಸಾವಿರಕ್ಕೂ ಹೆಚ್ಚು ಪಯಣಗಳ ವಿವರ ಕೂಡಿಹಾಕಿ ಮಾಡಿದ ಅಂದಾಜಿನಂತೆ, ಮೂರೂವರೆ ಶತಮಾನಗಳಲ್ಲಿ ಸುಮಾರು 1 ಕೋಟಿ 25 ಲಕ್ಷ ಜನರನ್ನು ಆಫ್ರಿಕದ ದಂಡೆಗಳಿಂದ ಹಡಗಿಗೆ ಹತ್ತಿಸಲಾಯಿತು. ಅವರಲ್ಲಿ ಹತ್ತಿರಹತ್ತಿರ 18 ಲಕ್ಷ ಜನ ಆಚೆ ದಡ ಕಾಣಲೇ ಇಲ್ಲ. ಒಟ್ಟು ಲೆಕ್ಕದಲ್ಲಿ ಕಾಲುಭಾಗದಷ್ಟು ಜನ ಹಡಗೇರಿದ್ದು 1807ರ ನಂತರ. ಅವರೆಲ್ಲರನ್ನೂ ಕಾನೂನುಬಾಹಿರವಾಗಿ ಒಯ್ದರು ಎನ್ನಲಾಗದು. ಪೋರ್ಚುಗಲ್, ಸ್ಪೇನ್, ಬ್ರೆಜಿಲ್‌ಗಳು ಬೇರೆ ಬೇರೆ ವರ್ಷಗಳಲ್ಲಿ, ಮೊದಮೊದಲು ಸಮಭಾಜಕದ ಉತ್ತರಕ್ಕೆ ಮಾತ್ರ ಎಂಬಂಥ ಷರತ್ತುಗಳೊಡನೆ ನಿಷೇಧಕ್ಕೆ ಒಪ್ಪಿದವು. ಆದರೆ ನಿಷೇಧ ಬಂದ ಮೇಲೂ ಕದ್ದು ಸಾಗಿಸಲ್ಪಟ್ಟವರ ಸಂಖ್ಯೆ ಹತ್ತು ಲಕ್ಷವನ್ನು ಮೀರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಬ್ರೆಜಿಲ್ ಒಂದರಲ್ಲೇ 1831ರ ನಿಷೇಧದ ನಂತರ ಇಳಿದವರು 7 ಲಕ್ಷಕ್ಕೂ ಹೆಚ್ಚು. 1820ರಲ್ಲಿ ಸ್ಪೇನಿನ ಒಪ್ಪಂದ ಜಾರಿಗೆ ಬಂದ ಮೇಲೂ ಕ್ಯೂಬಾಕ್ಕೆ ತಂದವರು 5 ಲಕ್ಷಕ್ಕೂ ಹೆಚ್ಚು. ಇಷ್ಟು ಜನರ ಪಾಲಿಗೆ ಕಾಗದದ ಮೇಲಿನ ಅಂತ್ಯವೇ ಆರಂಭವಾಗಿತ್ತು.

ಹಾಗಾಗಿ ಸ್ಮರಣೆಯ ದಿನವನ್ನು ಕಾನೂನಿನ ದಿನಕ್ಕೆ ಕಟ್ಟಿಹಾಕಿದಾಗ ನಾವು ಶಾಸನ ಮಾಡಿದವರನ್ನು ಮೊದಲು ನೆನೆಯುತ್ತೇವೆ. ಶಾಸನವಿದ್ದೂ ಸತ್ತವರು ಅದರ ನೆರಳಿನಲ್ಲಿ ಕಣ್ಮರೆಯಾಗುತ್ತಾರೆ. ಇದು ಕೇವಲ ಅಲಕ್ಷ್ಯವಾಗಿದ್ದರೆ ಒಂದು ಭಾಷಣದಲ್ಲೋ ಒಂದು ಫಲಕದಲ್ಲೋ ಸರಿಪಡಿಸಬಹುದಿತ್ತು. ಆದರೆ ಕಳ್ಳಸಾಗಣೆಯ ಬಲಿಗಳು ಮರೆತುಹೋದದ್ದು ತಾನೇ ತಾನಾಗಿ ಅಲ್ಲ. ಅವರನ್ನು ಮರೆಸುವುದು ಆ ದಂಧೆಯ ಒಂದು ಭಾಗವೇ ಆಗಿತ್ತು. ಕಾನೂನುಬದ್ಧ ವ್ಯಾಪಾರದ ಕಾಲದಲ್ಲಿ ಹಡಗಿನ ಮಾಲೀಕ ವಿಮೆ ಮಾಡಿಸುತ್ತಿದ್ದ, ಸುಂಕ ಕಟ್ಟುತ್ತಿದ್ದ, ಬಂದಿಳಿದ ಜನರನ್ನು ಸರಕಿನಂತೆ ದಾಖಲಿಸುತ್ತಿದ್ದ. ಆ ಕ್ರೌರ್ಯ ತನ್ನ ಲೆಕ್ಕಪತ್ರವನ್ನು ತಾನೇ ಬರೆದಿಟ್ಟುಹೋಗಿದೆ. ಕಳ್ಳಸಾಗಣೆ ಹಾಗಲ್ಲ. ರಿಯೊ ಡಿ ಜನೈರೊದ ವಲೊಂಗೊ ಧಕ್ಕೆ 1811ರಿಂದ ಎರಡು ದಶಕಗಳ ಕಾಲ ಆಫ್ರಿಕನ್ನರು ಇಳಿಯುವ ಮುಖ್ಯ ಜಾಗವಾಗಿತ್ತು. 2011ರಲ್ಲಿ ಬಂದರು ಪ್ರದೇಶದ ಕಾಮಗಾರಿಯ ವೇಳೆ ಅದರ ಕಲ್ಲುಹಾಸು ಮತ್ತೆ ಬೆಳಕಿಗೆ ಬಂತು, 2017ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಸಲ್ಲಬೇಕಾದ ಮನ್ನಣೆಯೇ. ಆದರೆ 1831ರ ನಂತರ ಬಂದವರಿಗೆ ಕಲ್ಲು ಹಾಸಿದ ಧಕ್ಕೆ ಇರಲಿಲ್ಲ. ಅವರು ಇಳಿದದ್ದು ಹೆಸರಿಲ್ಲದ ಮರಳದಂಡೆಗಳಲ್ಲಿ, ತೋಟದೊಡೆಯರ ಖಾಸಗಿ ಕೊಲ್ಲಿಗಳಲ್ಲಿ, ಬಹುಪಾಲು ಕತ್ತಲಲ್ಲಿ. ‘ಇಂಗ್ಲಿಷರು ನೋಡಲೆಂದು’ ಎಂಬ ನುಡಿಗಟ್ಟು ಪೋರ್ಚುಗೀಸ್ ಭಾಷೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ತೋರಿಕೆಗಷ್ಟೇ ಮಾಡುವ ಕೆಲಸಕ್ಕೆ ಬ್ರೆಜಿಲಿನ ಜನ ಅದನ್ನು ಬಳಸುತ್ತಾರೆ, ಅದರ ಮೂಲವನ್ನು ಈ 1831ರ ಕಾನೂನಿಗೇ ತಳುಕು ಹಾಕುತ್ತಾರೆ. ಆ ತೋರಿಕೆಯ ಹಿಂದೆ, 1840ರ ದಶಕದ ಕೊನೆಗೆ, ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನರನ್ನು ಇಳಿಸಲಾಗುತ್ತಿತ್ತು. ಹಡಗು ಸುಟ್ಟರು, ದಂಡೆ ಬದಲಿಸಿದರು, ಹೊಸದಾಗಿ ಬಂದವರನ್ನು ಹಳಬರೆಂದು ತೋರಿಸಿ ಮಾರಿದರು. 1888ರಲ್ಲಿ ಗುಲಾಮಗಿರಿಯೇ ರದ್ದಾದ ಬಳಿಕ, 1890ರ ಡಿಸೆಂಬರಿನಲ್ಲಿ ಹಣಕಾಸು ಸಚಿವ ರುಯಿ ಬಾರ್ಬೊಸಾ ಗುಲಾಮಗಿರಿಗೆ ಸಂಬಂಧಿಸಿದ ಸರ್ಕಾರಿ ಕಡತಗಳನ್ನು ನಾಶಮಾಡಲು ಆಜ್ಞೆ ಹೊರಡಿಸಿದರು. ಮಾಜಿ ಒಡೆಯರು ಖಜಾನೆಯಿಂದ ಪರಿಹಾರ ಕೇಳದಿರಲಿ ಎಂಬುದು ಅದರ ಉದ್ದೇಶವಾಗಿತ್ತೆಂದು ಹಲವು ಇತಿಹಾಸಕಾರರು ಹೇಳುತ್ತಾರೆ, ಇದ್ದೀತು. ಉರಿದುಹೋದದ್ದು ಮಾತ್ರ ಗುಲಾಮರಾಗಿದ್ದವರ ಸಾಕ್ಷಿಯೂ ಹೌದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ತೂಕದ್ದೇ. ಕಾಲಿಗೆ ಸಂಕೋಲೆ ಬಿದ್ದವನಿಗೆ ತನ್ನನ್ನು ಕಾನೂನಿನ ಪ್ರಕಾರ ಒಯ್ದರೋ ಕದ್ದು ಒಯ್ದರೋ ಎಂಬುದರಿಂದ ಏನಾಗಬೇಕು? 1780ರಲ್ಲಿ ಸತ್ತ ತಾಯಿಗೂ 1850ರಲ್ಲಿ ಸತ್ತ ತಾಯಿಗೂ ಭೇದವೆಣಿಸುವುದು ವಕೀಲರ ಕೆಲಸವೇ ಹೊರತು ಸ್ಮರಣೆಯದ್ದಲ್ಲ ಎನ್ನುವವರಿದ್ದಾರೆ. ನೋವಿನ ವಿಷಯದಲ್ಲಿ ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಹೊಣೆಯ ವಿಷಯದಲ್ಲಿ ಒಪ್ಪಲಾರೆ. 1831ರ ಕಾನೂನು ಬ್ರೆಜಿಲಿನ ನೆಲಕ್ಕೆ ಹೊಸದಾಗಿ ಕಾಲಿಡುವ ಪ್ರತಿ ಗುಲಾಮನೂ ಸ್ವತಂತ್ರನೆಂದು ಸಾರಿತ್ತು. ಅಂದರೆ ಆ ಬಳಿಕ ಬಂದ 7 ಲಕ್ಷ ಚಿಲ್ಲರೆ ಜನ, ಅವರ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು, ಕಾನೂನಿನ ಲೆಕ್ಕದಲ್ಲಿ ಒಂದು ದಿನವೂ ಗುಲಾಮರಲ್ಲ, ಅಪಹರಣಕ್ಕೊಳಗಾದ ಸ್ವತಂತ್ರರು. ದೇಶದ ಕಾಫಿ ಸಂಪತ್ತಿನ ಬುಡದಲ್ಲಿ ಇದ್ದದ್ದು ಆ ದೇಶದ ಕಾನೂನೇ ಅಪರಾಧವೆಂದು ಕರೆದ ಕೃತ್ಯ. ಇದನ್ನು ಲೂಯಿಸ್ ಗಾಮಾ ಅರ್ಥಮಾಡಿಕೊಂಡಷ್ಟು ಸ್ಪಷ್ಟವಾಗಿ ಇನ್ನಾರೂ ಮಾಡಿಕೊಂಡಂತಿಲ್ಲ. 1830ರಲ್ಲಿ ಸಾಲ್ವಡೋರ್‌ನಲ್ಲಿ ಸ್ವತಂತ್ರ ಆಫ್ರಿಕನ್ ತಾಯಿಗೆ ಹುಟ್ಟಿದವರು ಅವರು. ಹತ್ತು ವರ್ಷದವರಿದ್ದಾಗ ಬಿಳಿಯ ತಂದೆಯೇ ಮಾರಿಬಿಟ್ಟ. ಹದಿನೇಳರ ವಯಸ್ಸಿಗೆ ಅಕ್ಷರ ಕಲಿತರು, ತಾನು ಸ್ವತಂತ್ರನೆಂದು ಸಾಧಿಸಿಕೊಂಡರು, ಪದವಿಯಿಲ್ಲದೆಯೇ ಸಾವೊ ಪೌಲೊದ ನ್ಯಾಯಾಲಯಗಳಲ್ಲಿ ವಾದ ಮಾಡುವ ಹಂತಕ್ಕೆ ಬೆಳೆದರು. ತೋರಿಕೆಗೆಂದು ಮಾಡಿದ ಅದೇ 1831ರ ಕಾನೂನನ್ನು ಹಿಡಿದು, ಈ ಮನುಷ್ಯ ಯಾವ ವರ್ಷ ಬಂದ, ಆಗ ಅವನ ವಯಸ್ಸೆಷ್ಟು ಎಂದು ಕೆದಕಿ ಕೆದಕಿ 500ಕ್ಕೂ ಹೆಚ್ಚು ಜನರನ್ನು ಬಿಡಿಸಿದರು. ವರ್ಷ, ದಂಡೆ, ಹಡಗು ಎಂಬ ವಿವರಗಳು ಒಬ್ಬ ಮನುಷ್ಯನ ಬಿಡುಗಡೆಗೂ ಬಂಧನಕ್ಕೂ ನಡುವಿನ ಗೆರೆಯಾಗಬಲ್ಲವು. ಗಾಮಾ 1882ರಲ್ಲಿ ತೀರಿಕೊಂಡರು, ತಮ್ಮ ದೇಶದಲ್ಲಿ ಗುಲಾಮಗಿರಿ ಕೊನೆಗಾಣುವುದನ್ನು ನೋಡಲಿಲ್ಲ.

ಇನ್ನೊಂದು ಆಕ್ಷೇಪ ಬ್ರಿಟನ್ನಿನ ಕಡೆಯಿಂದ ಬರುತ್ತದೆ. ಕಾನೂನು ಬರಿಯ ಕಾಗದವಾಗಿರಲಿಲ್ಲ, ಅದನ್ನು ಜಾರಿಮಾಡಲು ನೌಕಾಪಡೆ ಹೆಣಗಿತು ಎಂಬುದು ಅದರ ಸಾರ. ಸತ್ಯವೇ. 1808ರಿಂದ 1860ರ ದಶಕದವರೆಗೆ ಪಶ್ಚಿಮ ಆಫ್ರಿಕದ ದಂಡೆಯಲ್ಲಿ ಗಸ್ತು ತಿರುಗಿದ ದಳ ಸುಮಾರು 1,600 ಹಡಗುಗಳನ್ನು ಹಿಡಿಯಿತು, ಸುಮಾರು 1,50,000 ಜನರನ್ನು ಹಡಗಿನ ಒಡಲಿನಿಂದ ಹೊರತಂದಿತು. ಹೆಚ್ಚಾಗಿ ಜ್ವರದಿಂದ ಸತ್ತ ನಾವಿಕರೂ ಸಾವಿರದ ಲೆಕ್ಕದಲ್ಲಿದ್ದಾರೆ. ಆ ಸಾವುಗಳನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಹಿಡಿದ ಹಡಗುಗಳಿಗಿಂತ ತಪ್ಪಿಸಿಕೊಂಡ ಹಡಗುಗಳೇ ಬಹಳ. ಇನ್ನು ಬಿಡಿಸಲ್ಪಟ್ಟವರನ್ನು ದಾಖಲೆಗಳು ‘ವಿಮೋಚಿತ ಆಫ್ರಿಕನ್ನರು’ ಎಂದು ಕರೆಯುತ್ತವೆ, ಹೀಗೆ ಕರೆಯಿಸಿಕೊಂಡವರಿಗೆ ಮನೆಯ ದಾರಿ ಸಿಕ್ಕದ್ದು ತೀರಾ ಅಪರೂಪ. ಬ್ರಿಟನ್ನಿನ ನಿಯಮವೇ ಅವರನ್ನು 14 ವರ್ಷಗಳವರೆಗೆ ಯಾರದೋ ಕೈಕೆಳಗೆ ದುಡಿಯಲು ಒಪ್ಪಿಸಲು ಅವಕಾಶ ಕೊಟ್ಟಿತ್ತು. ಎಷ್ಟೋ ಜನರನ್ನು ಸೈನ್ಯಕ್ಕೆ ಸೇರಿಸಿದರು, ಎಷ್ಟೋ ಜನರನ್ನು ಟ್ರಿನಿಡಾಡ್, ಜಮೈಕಾ, ಬ್ರಿಟಿಷ್ ಗಯಾನಾಗಳ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಕಳಿಸಿದರು. 1838ರಿಂದ ಭಾರತದ ಕರಾರು ಕೂಲಿಗಳಾದ ಗಿರ್ಮಿಟಿಯಾಗಳನ್ನು ತುಂಬಿಕೊಂಡ ಹಡಗುಗಳು ಹೋದದ್ದೂ ಅದೇ ಗಯಾನಾಕ್ಕೆ. ವಿಮೋಚನೆ ಎಂಬ ಪದವನ್ನು ಅನುಭವಿಸಿದವರ ಬಾಯಲ್ಲಿ ಕೇಳದೆ ಕೊಟ್ಟವರ ಬಾಯಲ್ಲೇ ಕೇಳುತ್ತ ಬಂದಿದ್ದೇವೆ.

ಈ ಮಾತಿಗೆ ಸೇಂಟ್ ಹೆಲೆನಾಕ್ಕಿಂತ ಗಟ್ಟಿಯಾದ ಪುರಾವೆ ಬೇಡ. ದಕ್ಷಿಣ ಅಟ್ಲಾಂಟಿಕ್‌ನ ನಟ್ಟನಡುವೆ ಇರುವ ಈ ಸಣ್ಣ ದ್ವೀಪದಲ್ಲಿ 1840ರಲ್ಲಿ ಎರಡು ಸಂಗತಿಗಳು ನಡೆದವು. ಅಲ್ಲಿ ಸೆರೆಯಲ್ಲಿದ್ದು 1821ರಲ್ಲಿ ಸತ್ತ ನೆಪೋಲಿಯನ್ನನ ದೇಹವನ್ನು ಅಗೆದು ತೆಗೆದು, ರಾಜಮರ್ಯಾದೆಯೊಂದಿಗೆ ಪ್ಯಾರಿಸ್ಸಿಗೆ ಒಯ್ದರು. ಹಿಡಿದು ತಂದ ಗುಲಾಮ ಹಡಗುಗಳ ವಿಚಾರಣೆಗೆ ಬ್ರಿಟಿಷ್ ನ್ಯಾಯಾಲಯವೊಂದು ಅಲ್ಲಿ ಸ್ಥಾಪನೆಯಾದದ್ದೂ ಅದೇ ವರ್ಷ. ಮುಂದಿನ ಮೂರು ದಶಕಗಳಲ್ಲಿ ಸುಮಾರು 27 ಸಾವಿರ ಆಫ್ರಿಕನ್ನರನ್ನು ದ್ವೀಪದಲ್ಲಿ ಇಳಿಸಲಾಯಿತು. ಹಡಗಿನೊಳಗೇ ಸೊರಗಿ, ಭೇದಿ, ಸಿಡುಬು ಅಂಟಿಸಿಕೊಂಡು ಬಂದವರಲ್ಲಿ ಸುಮಾರು 8 ಸಾವಿರ ಜನ ಅಲ್ಲೇ ಸತ್ತರು. ಅವರನ್ನು ರೂಪರ್ಟ್ಸ್ ಕಣಿವೆಯ ಒಣ ಮಣ್ಣಿನಲ್ಲಿ, ಹಲವೆಡೆ ಒಂದೇ ಗುಂಡಿಯಲ್ಲಿ ಹಲವರನ್ನು ಇಟ್ಟು, ಹೂತರು. 2007-08ರಲ್ಲಿ ವಿಮಾನ ನಿಲ್ದಾಣದ ಕಾಮಗಾರಿಗೆ ರಸ್ತೆ ಬೇಕಾದಾಗ ಪುರಾತತ್ತ್ವಜ್ಞರು ಅಲ್ಲಿ ಅಗೆದು 325 ಮಂದಿಯ ಅವಶೇಷಗಳನ್ನು ಹೊರತೆಗೆದರು. ಹೆಚ್ಚಿನವರು ಮಕ್ಕಳು, ಹದಿಹರೆಯದವರು, ಎಳೆಯ ಪ್ರಾಯದವರು. ಕೆಲವರ ಜೊತೆ ಮಣಿಗಳಿದ್ದವು, ಬಳೆಗಳಿದ್ದವು. ಎಲ್ಲವನ್ನೂ ಕಿತ್ತುಕೊಂಡ ಪಯಣದಲ್ಲಿ ಆ ಮಣಿಗಳನ್ನು ಹೇಗೋ ಉಳಿಸಿಕೊಂಡು ಬಂದಿದ್ದರು. ಆ ಎಲುಬುಗಳು ಹದಿನಾಲ್ಕು ವರ್ಷಗಳಷ್ಟು ಕಾಲ ಜೇಮ್ಸ್‌ಟೌನ್‌ನ ಒಂದು ಉಗ್ರಾಣದ ಪೆಟ್ಟಿಗೆಗಳಲ್ಲಿ ಉಳಿದವು. 2017ರಲ್ಲಿ ವಿಮಾನಗಳು ಇಳಿಯತೊಡಗಿದವು, ಪ್ರವಾಸಿಗರು ಬರತೊಡಗಿದರು. ಮರುಸಮಾಧಿ ಆದದ್ದು 2022ರಲ್ಲಿ. ನೆಪೋಲಿಯನ್ನನ ದೇಹವಿಲ್ಲದ ಗೋರಿಯನ್ನು ಫ್ರೆಂಚ್ ಸರ್ಕಾರ 1858ರಲ್ಲೇ ಕೊಂಡು ಇಂದಿಗೂ ಜತನದಿಂದ ನೋಡಿಕೊಳ್ಳುತ್ತಿದೆ. 1802ರಲ್ಲಿ ಫ್ರಾನ್ಸಿನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಮತ್ತೆ ತಂದವನು ಅದೇ ನೆಪೋಲಿಯನ್. ಅವನ ಖಾಲಿ ಗೋರಿಗೆ ಬೇಲಿಯಿದೆ, ಆರೈಕೆಯಿದೆ. ಎಂಟು ಸಾವಿರ ಜನ ಮಲಗಿರುವ ಕಣಿವೆ ಒಂದೂವರೆ ಶತಮಾನ ಗುರುತಿಲ್ಲದ ನೆಲವಾಗಿ ಉಳಿಯಿತು.

ಇಷ್ಟಾದರೂ, ಕಳ್ಳಸಾಗಣೆಯ ಬಲಿಗಳ ವಿಷಯದಲ್ಲಿ ಒಂದು ಸಾಧ್ಯತೆ ನಮ್ಮ ಕೈಯಲ್ಲಿದೆ, ಅದು ಹಿಂದಿನ ಶತಮಾನಗಳ ಬಲಿಗಳಿಗೆ ಬಹುಮಟ್ಟಿಗೆ ಇಲ್ಲದ್ದು. ಕಾನೂನುಬದ್ಧ ವ್ಯಾಪಾರದ ಲೆಕ್ಕಪತ್ರಗಳಲ್ಲಿ ಸಂಖ್ಯೆಗಳಿವೆ, ಬೆಲೆಗಳಿವೆ, ಆಫ್ರಿಕನ್ ಹೆಸರುಗಳಿಲ್ಲ. ಆದರೆ ಹಿಡಿದ ಹಡಗುಗಳ ವಿಚಾರಣೆ ನಡೆದ ಸಿಯೆರಾ ಲಿಯೋನಿನ ಫ್ರೀಟೌನ್ ಮತ್ತು ಕ್ಯೂಬಾದ ಹವಾನಾದಲ್ಲಿ ಗುಮಾಸ್ತರು ಒಬ್ಬೊಬ್ಬರನ್ನೂ ನಿಲ್ಲಿಸಿ ಹೆಸರು, ವಯಸ್ಸು, ಎತ್ತರ, ಮೈಮೇಲಿನ ಗುರುತುಗಳನ್ನು ಬರೆದುಕೊಂಡರು. ಅಂಥ 91 ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ವಿದ್ವಾಂಸರು ಈಗ ಎಲ್ಲರಿಗೂ ಸಿಗುವಂತೆ ಒಂದೆಡೆ ಕೂಡಿಸಿಟ್ಟಿದ್ದಾರೆ. ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲೋ ಸ್ಪ್ಯಾನಿಷಿನಲ್ಲೋ ಗೀಚಿದ ಹೆಸರುಗಳವು, ವಕ್ರವಾಗಿವೆ. ಹಾಗಿದ್ದೂ ಯೊರುಬಾ, ಇಗ್ಬೊ, ಮೆಂಡೆ ಮಾತನಾಡುವವರು ಆ ಹೆಸರುಗಳ ಉಚ್ಚಾರಣೆ ಕೇಳಿ ಇದು ನಮ್ಮ ಭಾಷೆಯದು, ನಮ್ಮ ಕಡೆಯ ಹೆಸರು ಎಂದು ಗುರುತಿಸಬಲ್ಲರು. ಅಂಥ ಕೆಲಸವೂ ನಡೆದಿದೆ. ಇದರ ಬೆಲೆಯನ್ನು ನಾವು ಸಾಕಷ್ಟು ಅರಿತಂತಿಲ್ಲ. ಮಗು ಯಾವ ವಾರ ಹುಟ್ಟಿತು, ಯಾವ ದೈವದ ಹರಕೆಯಿಂದ ಬಂತು, ಯಾವ ಅಜ್ಜಿ ಮರಳಿ ಹುಟ್ಟಿದಳು ಎಂಬುದನ್ನು ಹೆಸರಿನಲ್ಲೇ ಹೇಳುವ ನಾಡುಗಳವು. ಆ ಹೆಸರು ಉಳಿದಿದೆ ಎಂದರೆ ಒಂದು ಮನೆಯ ಅಂಗಳವೇ ಸ್ವಲ್ಪ ಉಳಿದಂತೆ. ಅಪರಾಧ ಅಳಿಸಲು ಹೊರಟದ್ದನ್ನು, ಅದನ್ನು ಹಿಡಿದ ಕಛೇರಿಯ ದಫ್ತರ ತನಗರಿವಿಲ್ಲದೆ ಕಾಪಾಡಿತು.

ಹಾಗಾದರೆ ಆಫ್ರಿಕದ ಅರಸರ ಪಾಲು? ಕ್ಲೊಟಿಲ್ಡಾದಲ್ಲಿ ಬಂದವರನ್ನು ಹಿಡಿದು ಮಾರಿದವರು ಪಶ್ಚಿಮ ಆಫ್ರಿಕದ ಡಹೋಮಿ ರಾಜ್ಯದ ದಾಳಿಕೋರರಲ್ಲವೇ ಎಂದು ಕೇಳುವವರಿದ್ದಾರೆ. ಹೌದು. ಆ ಹಡಗಿನಲ್ಲಿ ಬಂದು 1935ರವರೆಗೆ ಬದುಕಿದ್ದ ಕೊಸೊಲಾ, ಅಮೆರಿಕದ ಹೆಸರಿನಲ್ಲಿ ಕಡ್ಜೊ ಲೂಯಿಸ್, ತಮ್ಮ ಊರಿನ ಮೇಲೆ ಆ ದಾಳಿ ಹೇಗೆ ಬಿತ್ತೆಂಬುದನ್ನು ಲೇಖಕಿ ಜೋರಾ ನೀಲ್ ಹರ್ಸ್ಟನ್ ಅವರಿಗೆ ವಿವರವಾಗಿ ಹೇಳಿದ್ದರು. ಹರ್ಸ್ಟನ್ ಅದನ್ನು ಬರೆದಿಟ್ಟರೂ ಪುಸ್ತಕ ಹೊರಬಂದದ್ದು 2018ರಲ್ಲಿ, ಆ ಹೊತ್ತಿಗೆ ಇಬ್ಬರೂ ಇರಲಿಲ್ಲ. ಬಲಿಯಾದವರೇ ಮುಚ್ಚಿಡದ ಸತ್ಯವನ್ನು ನಾವು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಮಾರಿದವನಿದ್ದ ಎಂಬುದರಿಂದ ಕೊಂಡವನ, ಸಾಗಿಸಿದವನ, ದುಡಿಸಿಕೊಂಡವನ ಹೊಣೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದು. ಹಳೆಯ ಗಾಯ ಕೆದಕಬೇಡಿ ಎನ್ನುವವರಿಗೂ ಆ ಹಡಗಿನಲ್ಲಿ ಬಂದವರು ಮೊಬೀಲ್ ಬಳಿ ಕಟ್ಟಿದ ಊರೇ ಉತ್ತರ ಕೊಡುತ್ತದೆ. ಬಿಡುಗಡೆಯ ನಂತರ ಕೊಸೊಲಾ ಮತ್ತು ಜೊತೆಗಾರರು ಊರಿಗೆ ಮರಳಲು ಹಣವಿಲ್ಲದೆ, ತಮ್ಮನ್ನು ತರಿಸಿದ ತಿಮೊಥಿ ಮೀಹರ್‌ನಲ್ಲಿ ಸ್ವಲ್ಪ ನೆಲ ಕೇಳಿದರು; ಅವನು ಕೊಡಲಿಲ್ಲ. ದುಡಿದು ಕೂಡಿಸಿದ ಹಣದಲ್ಲಿ ನೆಲ ಕೊಂಡು ಆಫ್ರಿಕಾಟೌನ್ ಕಟ್ಟಿದರು. ಇಪ್ಪತ್ತನೆಯ ಶತಮಾನದಲ್ಲಿ ಅದರ ಸುತ್ತ ಕಾಗದದ ಕಾರ್ಖಾನೆಗಳು ಬಂದವು, ನಡುವೆ ಹೆದ್ದಾರಿ ಸೀಳಿಕೊಂಡು ಹೋಯಿತು. ಮೀಹರ್ ಕುಟುಂಬದ ಹೆಸರು ಹತ್ತಿರದ ಒಂದು ರಾಜ್ಯ ಉದ್ಯಾನಕ್ಕಿದೆ. ಗಾಯ ಹಳೆಯದಾಗುವುದು ಮಾಯ್ದಾಗ, ಬರೀ ವರ್ಷ ಕಳೆದಾಗ ಅಲ್ಲ.

ಆಫ್ರಿಕಾಟೌನಿನ ಮಕ್ಕಳು ಮೊಮ್ಮಕ್ಕಳು ನಮ್ಮವರನ್ನು ತಂದ ಹಡಗು ಆ ನದಿಯಲ್ಲೇ ಇದೆ ಎಂದು ತಲೆಮಾರುಗಳಿಂದ ಹೇಳುತ್ತಿದ್ದರು. ಅದನ್ನು ಬರಿಯ ಕಟ್ಟುಕಥೆಯೆಂದು ತಳ್ಳಿಹಾಕಿದವರು ಕಡಿಮೆಯಿರಲಿಲ್ಲ. 2019ರ ಮೇ ತಿಂಗಳಲ್ಲಿ ಮೊಬೀಲ್ ನದಿಯ ಕೆಸರಿನಲ್ಲಿದ್ದ ಸುಟ್ಟ ಹಲಗೆಗಳು ಕ್ಲೊಟಿಲ್ಡಾದವೇ ಎಂದು ಖಚಿತವಾಯಿತು. ಬ್ರಾಕುಯಿಯಲ್ಲೂ ಹಾಗೆಯೇ. ಅಲ್ಲಿಯ ಕಿಲೊಂಬೊ ಸಮುದಾಯ, ಅಂದರೆ ಆ ತೋಟಗಳ ಗುಲಾಮರ ಸಂತತಿ, ಮುಳುಗಿದ ಹಡಗಿನ ನೆನಪನ್ನು ಬಾಯಿಂದ ಬಾಯಿಗೆ ದಾಟಿಸುತ್ತ ಬಂದಿತ್ತು. ಇತ್ತೀಚಿನ ವರ್ಷಗಳಲ್ಲಿ ಪುರಾತತ್ತ್ವಜ್ಞರು ಅವರ ಜೊತೆ ಸೇರಿಯೇ ಕಮಾರ್ಗೊದ ಅವಶೇಷ ಹುಡುಕತೊಡಗಿದ್ದಾರೆ. ಕಮಾರ್ಗೊ ಜನರನ್ನು ತುಂಬಿಕೊಂಡ ಮೊಜಾಂಬಿಕ್ ದಂಡೆ ಕನ್ನಡಿಗರಿಗೂ ತೀರಾ ದೂರದ್ದಲ್ಲ. ಪೋರ್ಚುಗೀಸರು ಅದೇ ದಂಡೆಯಿಂದ ಗೋವಾಕ್ಕೂ ಗುಲಾಮರನ್ನು ತಂದಿದ್ದರು, ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳಲ್ಲಿ ಹಲವರ ಪೂರ್ವಿಕರ ದಾರಿ ಅದು. ಸಾಗರ ಬೇರೆ, ಕಥೆ ಬೇರೆ, ಎರಡನ್ನೂ ಕಲಸಬಾರದು. ಆದರೆ ದಾಖಲೆ ಇಲ್ಲದ ಜನರ ಮಾತನ್ನು ದಾಖಲೆಯಷ್ಟೇ ಗೌರವದಿಂದ ಕೇಳಬೇಕೆಂಬುದು ಎರಡೂ ಕಡೆ ಸಲ್ಲುವ ಮಾತು.

ಮಾರ್ಚ್ 25ನ್ನು ಕೈಬಿಡಿ ಎಂದು ನಾನು ಕೇಳುತ್ತಿಲ್ಲ. ಆ ದಿನ ಏನನ್ನು ಓದಬೇಕು ಎಂಬುದನ್ನು ಬದಲಿಸಿ ಎನ್ನುತ್ತಿದ್ದೇನೆ. ಶಾಸನ ತಂದವರ ಗುಣಗಾನದ ಬದಲು ಫ್ರೀಟೌನ್, ಹವಾನಾ ದಫ್ತರಗಳ ಹೆಸರುಗಳನ್ನು, ಆ ಹೆಸರುಗಳ ಭಾಷೆ ಬಲ್ಲವರ ಬಾಯಲ್ಲೇ, ಗಟ್ಟಿಯಾಗಿ ಓದಿಸಬೇಕು. ಸೇಂಟ್ ಹೆಲೆನಾದ ಕಣಿವೆ ಇಡಿಯಾಗಿ ಸ್ಮಶಾನವೆಂದು ರಕ್ಷಣೆ ಪಡೆಯಬೇಕು, ಅದರ ಖರ್ಚನ್ನು ನಾಲ್ಕು ಸಾವಿರದಷ್ಟು ಜನರಿರುವ ದ್ವೀಪದ ತಲೆಗೆ ಕಟ್ಟದೆ ಬ್ರಿಟನ್ ಹೊರಬೇಕು. ಸ್ಮಾರಕ ಹೇಗಿರಬೇಕೆಂದು ಬ್ರಾಕುಯಿಯ, ಆಫ್ರಿಕಾಟೌನಿನ ಜನರೇ ಹೇಳಬೇಕು. ದಂಡೆಗಳಲ್ಲಿ ದಂಡೆಯ ಹೆಸರು, ವರ್ಷ, ಹಡಗು, ಹಡಗಿನ ಒಡೆಯನ ಹೆಸರು ಇಷ್ಟನ್ನೂ ಬರೆಯಬೇಕು, ತೋಟದ ಒಡೆಯನದನ್ನೂ. ಈ ಹೆಸರುಗಳಿಂದ ಮುಜುಗರಪಡುವ ಮನೆತನಗಳಿದ್ದಾವು, ಆದರೆ ಮುಜುಗರ ತಪ್ಪಿಸಲೆಂದೇ ಅಂದು ಹಡಗು ಸುಟ್ಟದ್ದು.

ಕಮಾರ್ಗೊ ಸುಟ್ಟ ಗಾರ್ಡನ್ ಕೊನೆಗೆ ಸಿಕ್ಕಿಬಿದ್ದ. 1860ರಲ್ಲಿ ‘ಎರಿ’ ಎಂಬ ಇನ್ನೊಂದು ಹಡಗಿನಲ್ಲಿ 897 ಜನರನ್ನು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು, ತುಂಬಿಕೊಂಡು ಕಾಂಗೊ ನದಿಯ ಮುಖದಿಂದ ಹೊರಟವನನ್ನು ಅಮೆರಿಕದ ನೌಕಾಪಡೆ ಹಿಡಿಯಿತು. ಅಧ್ಯಕ್ಷ ಲಿಂಕನ್ ಶಿಕ್ಷೆ ಇಳಿಸಲು ಒಪ್ಪದೆ, 1862ರ ಫೆಬ್ರುವರಿ 21ರಂದು ನ್ಯೂಯಾರ್ಕಿನಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಗುಲಾಮ ಸಾಗಣೆಗಾಗಿ ಆ ದೇಶ ಗಲ್ಲಿಗೇರಿಸಿದ್ದು ಅವನೊಬ್ಬನನ್ನೇ. ಮೀಹರ್ ಮೇಲಿನ ಪ್ರಕರಣ ಸಾಕ್ಷಿಯಿಲ್ಲವೆಂದು ಬಿದ್ದುಹೋಯಿತು. ಕ್ಲೊಟಿಲ್ಡಾದಲ್ಲಿ ತಾಯಿಯ ಜೊತೆ ಬಂದ ಎರಡು ವರ್ಷದ ಒಂದು ಹೆಣ್ಣುಮಗು ಮುಂದೆ ಮಟಿಲ್ಡಾ ಮೆಕ್ರಿಯರ್ ಎಂಬ ಹೆಸರಿನಲ್ಲಿ ಅಲಬಾಮಾದಲ್ಲೇ ಬೆಳೆದರು, ಮಕ್ಕಳ ತಾಯಿಯಾದರು, ಗೇಣಿಗೆ ಉತ್ತರು. 1931ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಹಳ್ಳಿದಾರಿಯಲ್ಲಿ ಸುಮಾರು 15 ಮೈಲಿ ದೂರ ಸೆಲ್ಮಾದ ನ್ಯಾಯಾಲಯಕ್ಕೆ ಹೋಗಿ, ತನ್ನನ್ನು ಕದ್ದು ತಂದದ್ದಕ್ಕೆ ಪರಿಹಾರ ಕೊಡಿ ಎಂದು ಕೇಳಿದರು. ಅರ್ಜಿ ತಿರಸ್ಕೃತವಾಯಿತು. 1940ರ ಜನವರಿಯಲ್ಲಿ ಅವರು ಸೆಲ್ಮಾದಲ್ಲಿ ಕಣ್ಣುಮುಚ್ಚಿದರು.